ಒಳಗಿನ ಚಪ್ಪಲಿ

ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ನಾನು ಪಾಠ ಮಾಡುತ್ತಿದ್ದ ಷೆಡ್ಡಿಗೆ ಬೆಳಗ್ಗೆ ಹೋದರೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಚಪ್ಪಲಿಗಳು. ಹವಾಯಿ ಚಪ್ಪಲಿ, ಟೈರಿನ ಚಪ್ಪಲಿ, ಪಟ್ಟಿ ಕಿತ್ತು ಪಿನ್ನು ಚುಚ್ಚಿದ ಚಪ್ಪಲಿ, ಎಲ್ಲವೂ ದೇವಸ್ಥಾನದ ಮುಂದೆ ಬಿಟ್ಟ ಹಾಗೆ ಬಾಗಿಲಾಚೆ ಸಾಲಾಗಿ ಇರುತ್ತಿದ್ದವು. ಒಳಗೆ ನನ್ನ ಹುಡುಗ ಹುಡುಗಿಯರು ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ನಿಂತು, ಕೈಯಲ್ಲಿ ಟೆಸ್ಟರು ಹಿಡಿದು, ಏನೂ ಅರಿಯದವರಂತೆ ನನ್ನ ಮುಖ ನೋಡುತ್ತಿದ್ದರು.

"ಕರೆಂಟಿನ ಹತ್ರ ಬರಿಗಾಲಲ್ಲಿ ನಿಲ್ಬೇಡಿ ಅಂತ ಇನ್ನೆಷ್ಟು ಬಡ್ಕೊಳ್ಳಲಿ?"

"ಒಳಗೆ ಅಮ್ಮನ ಫೋಟೋ ಐತಲ್ಲ ಮೇಡಂ," ಎಂದು ಯಾರಾದರೊಬ್ಬರು ಗೊಣಗುವರು. ನಾನು ಕಣ್ಣು ಕೆಕ್ಕರಿಸಿದರೆ ಎಲ್ಲರೂ ಹೊರಗೆ ಓಡಿ ಚಪ್ಪಲಿ ಮೆಟ್ಟಿಕೊಂಡು ಬರುವರು. ನಾನು ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಚಪ್ಪಲಿಗಳು ಮತ್ತೆ ಬಾಗಿಲಾಚೆ! ಒಮ್ಮೆ ನಾನೇ ಆ ಸರಸ್ವತಿಯ ಫೋಟೋ ತೆಗೆದು ಆಫೀಸಿನಲ್ಲಿ ತೂಗುಹಾಕಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಕೆಲಸ ಕಲಿಸುವ ಜಾಗವೇ ಸರಸ್ವತಿ, ಇಕ್ಕಳವೂ ಸರಸ್ವತಿ, ಸ್ಕ್ರೂಡ್ರೈವರೂ ಸರಸ್ವತಿ ಎಂದು ಅವರಿಗೆ ಮನೆಯಲ್ಲಿ ಹೇಳಿ ಬೆಳೆಸಿದ್ದರು. ಫೋಟೋ ವಾಪಸು ತಂದು ಮೇನ್ ಸ್ವಿಚ್ಚಿನ ಮೇಲಿದ್ದ ಅದೇ ಮೊಳೆಗೆ ಹಾಕಿಸಿದೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ಮೋಟರುಗಳನ್ನು ನಡೆಸುವ ಸ್ವಿಚ್ಚು, ಸ್ಟಾರ್ಟರುಗಳನ್ನು ಕೂಡಿಸಿದ ಕಬ್ಬಿಣದ ಬೀರುಗಳನ್ನು, ಅಂದರೆ ಪ್ಯಾನೆಲ್‌ಗಳನ್ನು, ನಮ್ಮ ಕಾರ್ಖಾನೆಯಲ್ಲಿ ಮಾಡುತ್ತಿದ್ದರು. ಕಾರ್ಖಾನೆಗೆ ಜಮೀನು ಬಿಟ್ಟುಕೊಟ್ಟ ಮನೆಗಳ ಮಕ್ಕಳು ವೈರಿಂಗ್ ಕಲಿತು, ಹೊರಗಿನ ಪರೀಕ್ಷಕರ ಮುಂದೆ ಪಾಸಾದರೆ ಅವರಿಗೆ ಪ್ಯಾನೆಲ್ ವಿಭಾಗದಲ್ಲಿ ಕೆಲಸ ಎಂಬ ಮಾತಾಗಿತ್ತು. ಕಲಿಸುವುದು ನನ್ನ ಪಾಲಿಗೆ ಬಂತು. ಡಿಪ್ಲೊಮಾ ಮಾಡಿದ ಹೆಂಗಸು ಪ್ಯಾನೆಲ್ ಬಿಚ್ಚುವುದನ್ನು ನೋಡಲು ಆಗ ಜನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವರನ್ನು ಓಡಿಸುವುದೂ ನನ್ನ ಕೆಲಸವೇ.

ನನಗೆ ಕೋಪ ಮೂಗಿನ ತುದಿಯಲ್ಲೇ. ಇಳಿಯುವುದೂ ಅಷ್ಟೇ ಬೇಗ ಎಂಬುದು ಆ ಮಕ್ಕಳಿಗೆ ಬೇಗ ಗೊತ್ತಾಗಿಬಿಟ್ಟಿತ್ತು. ಷೆಡ್ಡಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ, ಊರಿನ ಹೆಸರಿನಿಂದಲೇ ಕರೆಯುವುದು. "ಏ ಯಾರಂಡಹಳ್ಳಿ, ಆ ಏಣಿ ತಗೊಂಡು ಬಾ." "ಹೆನ್ನಾಗರ, ನಿನ್ನ ಜಡೆ ಒಳಗೆ ಸಿಕ್ಕಿಸ್ಕೊ, ಮೋಟರಿಗೆ ಸುತ್ಕೊಂಡೀತು."

ಈ ಹೆನ್ನಾಗರದ ಹುಡುಗಿಯದೇ ನಾನು ಹೇಳಹೊರಟ ಕಥೆ. ತಂದೆತಾಯಿ ಇಲ್ಲ, ಅಜ್ಜಿ ಸಾಕಿದ ಹುಡುಗಿ. ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ಮಾತು ಕಡಿಮೆ, ಕೈ ಬಲು ಚುರುಕು. ತಂತಿಯ ತುದಿ ಸುಲಿದರೆ ಒಳಗಿನ ಒಂದೆಳೆ ತಾಮ್ರವೂ ತುಂಡಾಗುತ್ತಿರಲಿಲ್ಲ. ಕರೆಂಟಿರುವ ಬೋರ್ಡನ್ನು ಪರೀಕ್ಷಿಸುವಾಗ ಎಡಗೈ ಜೇಬಿನಲ್ಲಿರಲಿ ಎಂದು ನಮಗೆ ಕಾಲೇಜಿನಲ್ಲಿ ಹೇಳಿಕೊಡುತ್ತಿದ್ದರು. ಎರಡೂ ಕೈ ಬೋರ್ಡಿಗೆ ತಾಗಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ, ಅದಕ್ಕೆ. ಲಂಗ ದಾವಣಿಯ ಹುಡುಗಿಯರಿಗೆ ಜೇಬೆಲ್ಲಿಂದ ತರಲಿ? ದಾವಣಿಯ ಸೆರಗನ್ನು ಬೆನ್ನ ಹಿಂದೆ ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳಿ ಎಂದೆ. ಹುಡುಗರು ನಕ್ಕರು. ಹೆನ್ನಾಗರ ನಗಲಿಲ್ಲ, ಅಂದಿನಿಂದ ಒಂದು ದಿನವೂ ಅದನ್ನು ಮರೆಯಲಿಲ್ಲ.

ಆಯುಧಪೂಜೆ ಬಂತು. ಹಿಂದಿನ ದಿನ ಮಧ್ಯಾಹ್ನವೇ ಷೆಡ್ಡು ಅವರ ವಶವಾಯಿತು. ಬಕೆಟ್‌ಗಟ್ಟಲೆ ನೀರು ಸುರಿದು ನೆಲ ತೊಳೆದರು. ಇಕ್ಕಳಗಳಿಗೆ ಎಣ್ಣೆ ಹಚ್ಚಿದರು. ಬೆಳಗ್ಗೆ ಮತ್ತೊಮ್ಮೆ ನೆಲ ತೊಳೆದು, ರಂಗೋಲಿ ಬಿಟ್ಟು, ಮಾವಿನ ಎಲೆ ಕಟ್ಟಿ, ಸೀರಿಯಲ್ ದೀಪಗಳನ್ನು ಬಾಗಿಲಿಗೆ ಸುತ್ತಿದರು. ಆ ದಿನ ಚಪ್ಪಲಿಯ ಮಾತೆತ್ತಲು ನನಗೂ ಮನಸ್ಸಾಗಲಿಲ್ಲ. ಕಡ್ಲೆಪುರಿ, ಬಾಳೆಹಣ್ಣು ಎಣಿಸಿಕೊಂಡು ಬರಲು ಆಫೀಸಿಗೆ ಹೋದೆ.

ಕಿರುಚಾಟ ಕೇಳಿ ಓಡಿ ಬಂದಾಗ ಹೆನ್ನಾಗರ ನೆಲದ ಮೇಲೆ ಕೂತಿದ್ದಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಮುಖ ಸುಣ್ಣದ ಗೋಡೆಯಾಗಿತ್ತು. ಯಾರಂಡಹಳ್ಳಿಯ ಹುಡುಗ ಮೇನ್ ಆಫ್ ಮಾಡಿ ಸ್ವಿಚ್ಚಿಗೆ ಬೆನ್ನು ಕೊಟ್ಟು ಅಲುಗಾಡದೆ ನಿಂತಿದ್ದ. ಕಲಿಸಿದ್ದು ಒಬ್ಬನಿಗಾದರೂ ತಲೆಗೆ ಹತ್ತಿತ್ತಲ್ಲ ಎಂದು ಆ ಗಾಬರಿಯಲ್ಲೂ ಅನ್ನಿಸಿತು. ಸ್ಟಾರ್ಟರಿನ ಕಬ್ಬಿಣದ ಪೆಟ್ಟಿಗೆಗೆ ಹೂವು ಮುಡಿಸಲು ಹೋಗಿ ಅವಳಿಗೆ ಷಾಕ್ ಹೊಡೆದಿತ್ತು. ಕಾರ್ಖಾನೆಯ ಕಾಂಪೌಂಡರು ಬಂದು ನಾಡಿ ನೋಡಿದರು, ಬಿಸಿ ಹಾಲು ಕುಡಿಸಿದರು, ಪ್ರಾಣಕ್ಕೇನೂ ಇಲ್ಲ ಎಂದರು.

ಎಲ್ಲರೂ ಹೋದ ಮೇಲೆ ಬೋರ್ಡು ಬಿಚ್ಚಿದೆ. ಮೇನ್ ಆಫ್ ಇದ್ದಾಗ ಸ್ಟಾರ್ಟರಿನ ಮುಚ್ಚಳ ತೆಗೆದು, ಒಳಗಿನ ತಂತಿಗಳ ತುದಿಗೂ ನೀರಲ್ಲಿ ಕಲಸಿದ ಕುಂಕುಮ ಇಟ್ಟು, ಆಮೇಲೆ ಸೀರಿಯಲ್ ದೀಪಕ್ಕೆಂದು ಮೇನ್ ಹಾಕಿದ್ದರು. ಹೊರಗೆ ಮಾತ್ರ ಇಟ್ಟರೆ ಪೂಜೆ ಅರ್ಧವಾದಂತೆ ಎಂದು ಅವರಿಗೆ ಅನ್ನಿಸಿರಬೇಕು. ಆ ಹಸಿ ಕುಂಕುಮದ ದಾರಿಯಲ್ಲಿ ಕರೆಂಟು ಪೆಟ್ಟಿಗೆಯ ಕಬ್ಬಿಣಕ್ಕೆ ಸೋರಿತ್ತು. ಹಾಗೆ ಸೋರಿದರೂ ಅಪಾಯವಾಗದಂತೆ ಅದನ್ನು ನೆಲದೊಳಕ್ಕೆ ಸಾಗಿಸಲು ತಾಮ್ರದ ಅರ್ಥ್ ಪಟ್ಟಿ ಇರುತ್ತದೆ. ಅದೆಲ್ಲಿ? ಬೋಲ್ಟು ಬಿಚ್ಚಿ ತೆಗೆದಿದ್ದರು. ಹುಣಸೆಹಣ್ಣು ಹಾಕಿ ಪೂಜೆಯ ಚೊಂಬಿನಂತೆ ಫಳಫಳ ಹೊಳೆಯುವ ಹಾಗೆ ಉಜ್ಜಿದ್ದರು. ಆಮೇಲೆ ಬೋಲ್ಟು ಹಾಕಿ ಬಿಗಿಯುವ ಬದಲು ಅರಿಶಿನದ ದಾರದಿಂದ ಪೆಟ್ಟಿಗೆಗೆ ಭದ್ರವಾಗಿ ಕಟ್ಟಿ, ದಾರಕ್ಕೊಂದು ಅರಿಶಿನದ ಕೊಂಬು ಸಿಕ್ಕಿಸಿದ್ದರು! ತಾಳಿ ಕಟ್ಟಿದ ಹಾಗಿತ್ತು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಆ ಉಜ್ಜಾಟ ಯಾರದೆಂದು ಕೇಳಬೇಕಿರಲಿಲ್ಲ. ಷೆಡ್ಡಿನಲ್ಲಿ ಅಷ್ಟು ಚೆನ್ನಾಗಿ ತಾಮ್ರ ಬೆಳಗುವ ಕೈ ಒಂದೇ ಇತ್ತು, ಹೆನ್ನಾಗರದ್ದು.

ಹಬ್ಬ ಮುಗಿದು ನಾನು ಕೆಲಸಕ್ಕೆ ಬಂದಾಗ ವರ್ಕ್ಸ್ ಮ್ಯಾನೇಜರು ಷೆಡ್ಡಿನ ಮೇನ್ ಬೋರ್ಡಿನ ಫ್ಯೂಸುಗಳನ್ನು ಕಿತ್ತು ತಮ್ಮ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು.

"ನೋಡಿ ಮೇಡಂ, ಇನ್ನು ಷೆಡ್ಡಿಗೆ ಸಪ್ಲೈ ಇಲ್ಲ. ಕಪ್ಪು ಹಲಗೆ ಮೇಲೆ ಬರೆದು ಕಲಿಸಿ. ಸಾಕು."

"ಪರೀಕ್ಷೇಲಿ ಮೋಟರು ಓಡಿಸಿ ತೋರಿಸ್ಬೇಕು ಸಾರ್. ಕರೆಂಟಿಲ್ಲದೆ ಹೇಗೆ ಕಲೀತಾರೆ?"

"ಆ ಹುಡುಗಿಗೆ ಹೆಚ್ಚುಕಮ್ಮಿ ಆಗಿದ್ರೆ ಊರಿನವರಿಗೆ ನೀವು ಉತ್ತರ ಹೇಳ್ತಿದ್ರಾ, ನಾನಾ?"

ಅವರು ಕೆಟ್ಟವರಲ್ಲ, ಹೆದರಿದ್ದರು. ಸಂಕ್ರಾಂತಿ ಕಳೆದ ಕೂಡಲೇ ಪರೀಕ್ಷೆ. ನಾನು ಹಲಗೆಯ ಮೇಲೆ ಚಿತ್ರ ಬರೆಯುತ್ತ ಹೋದೆ, ಮಕ್ಕಳು ಆಕಳಿಸುತ್ತ ಹೋದರು. ಅದಕ್ಕಿಂತ ಕೆಟ್ಟದ್ದೆಂದರೆ ಹೆನ್ನಾಗರ ಬರುವುದನ್ನೇ ನಿಲ್ಲಿಸಿದ್ದಳು.

"ಅವ್ರಜ್ಜಿ ಕಳ್ಸಲ್ವಂತೆ ಮೇಡಂ," ಎಂದ ಯಾರಂಡಹಳ್ಳಿ. "ವರ್ಸವೆಲ್ಲ ಮೆಟ್ಟು ಆಕ್ಕಂಡು ಒಳಿಕ್ಕೋಗಿದ್ದಕ್ಕೇ ಅಮ್ಮ ಮುನಿಸ್ಕಂಡು ಒಡುದ್ಲು ಅಂತವ್ರೆ."

ನನ್ನ ಕೋಪ ನೆತ್ತಿಗೇರಿತು. ವರ್ಷದಲ್ಲಿ ಒಂದೇ ಒಂದು ದಿನ ಇಡೀ ಹೊತ್ತು ಬರಿಗಾಲಲ್ಲಿದ್ದರು, ಅವತ್ತೇ ಹೊಡೆಯಿತು. ಅದನ್ನೇ ತಿರುಗಾಮುರುಗಾ ಮಾಡಿ ಚಪ್ಪಲಿಯ ತಲೆಗೆ ಕಟ್ಟಿದರಲ್ಲ! ಅಂದೇ ಸಂಜೆ ಮನೆಯ ಕಡೆಯ ಬಸ್ಸು ಬಿಟ್ಟು ಹೆನ್ನಾಗರದ ದಾರಿ ಹಿಡಿದೆ. ಅಜ್ಜಿಗೆ ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ.

ಅಜ್ಜಿ ಜಗುಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ಕಟ್ಟುಮಸ್ತಾದ ಮೈ, ಅಗಲವಾದ ಪಾದ. ಹುಟ್ಟಿದಾಗಿನಿಂದ ಆ ಪಾದಕ್ಕೆ ಚಪ್ಪಲಿ ಮೆಟ್ಟಿದವರಲ್ಲ ಎಂದು ಮೊಮ್ಮಗಳು ಹಿಂದೆಯೇ ಹೇಳಿದ್ದಳು.

"ಬಾ ಮೇಷ್ಟ್ರಮ್ಮ, ಕೂತ್ಕ. ಉಡುಗೀನ ಕಳ್ಸು ಅನ್ನಕೆ ಬಂದಿದ್ರೆ ಮಾತ್ರ ಕೇಳ್ಬ್ಯಾಡ."

ಬಾಯಿಪಾಠ ಮಾಡಿದ್ದನ್ನೆಲ್ಲ ಒಪ್ಪಿಸಿದೆ. ಅರ್ಥ್ ಪಟ್ಟಿ, ಕುಂಕುಮ, ಒದ್ದೆ ನೆಲ. ಅಜ್ಜಿ ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡರು. "ನೀ ಓದಿರೋಳು. ನೀನೇಳದು ಸರೀನೇ ಇರ್ಬೋದು. ಆದ್ರೆ ಕಸ ತುಳುದ ಮೆಟ್ಟಲ್ಲಿ ಅನ್ನ ಕೊಡೋ ಜಾಗಕ್ಕೆ ಓಗದು ಯಾವ ಸೀಮೆ ನ್ಯಾಯ, ಅದನ್ನೇಳು," ಅಂದರು.

ಅಷ್ಟರಲ್ಲಿ ಹಿತ್ತಿಲಿನಿಂದ ಹುಡುಗಿ ಬಂದಳು. ತೋಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ. ನನ್ನನ್ನು ನೋಡಿ ತಲೆ ತಗ್ಗಿಸಿದಳು. "ಹುಳ ನಾಕನೇ ಜ್ವರ ಬಿಟ್ಟು ಎದ್ದವೆ, ನೋಡ್ತೀರಾ ಮೇಡಂ?" ಎಂದು ಮೆಲ್ಲಗೆ ಕೇಳಿದಳು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುವುದನ್ನು ಅವರು ಜ್ವರ ಅನ್ನುತ್ತಾರೆ. ನಾನು ಅವಳ ಹಿಂದೆ ಹೋದೆ. ಹುಳದ ಮನೆಯ ಬಾಗಿಲಲ್ಲಿ ಅವಳು ತನ್ನ ಚಪ್ಪಲಿ ಬಿಟ್ಟಳು. ಹೊಸ್ತಿಲು ದಾಟಿ, ಒಳಗೆ ಗೋಡೆಯ ಪಕ್ಕ ಇಟ್ಟಿದ್ದ ಇನ್ನೊಂದು ಜೊತೆ ಚಪ್ಪಲಿಗೆ ಕಾಲು ತೂರಿಸಿದಳು. ನನ್ನ ಮುಂದೆಯೂ ಒಂದು ಜೊತೆ ಸರಿಸಿದಳು.

"ಇದೇನೇ?"

"ಒಳಗಿನ ಚಪ್ಪಲಿ ಮೇಡಂ. ಆಚೆ ಕಾಲಿಡಲ್ಲ ಇವು. ಹುಳಕ್ಕೆ ರೋಗ ಬರ್ಬಾರ್ದು ಅಂತ ರೇಷ್ಮೆ ಇಲಾಖೆಯವ್ರು ಹೇಳಿದ್ರು. ಅಜ್ಜಿ ಮಾತ್ರ ಹಾಕ್ಕಳಲ್ಲ, ಕಾಲು ತೊಳ್ಕಂಡು ಬತ್ತಾರೆ."

ಹುಳು ನೋಡುವುದನ್ನು ಬಿಟ್ಟು ನಾನು ನನ್ನ ಕಾಲನ್ನೇ ನೋಡುತ್ತ ನಿಂತೆ. ಇಷ್ಟು ದಿನ ನಾನು ಜಗಳ ಆಡುತ್ತಿದ್ದುದು ಚಪ್ಪಲಿ ಹಾಕಿಕೊಳ್ಳಿ ಎಂದು. ಅವರು ತಡೆಯುತ್ತಿದ್ದುದು ಬೀದಿಯ ಕೊಳೆಯನ್ನು. ಎರಡರ ನಡುವೆ ಜಗಳವೇ ಇರಲಿಲ್ಲ. ನಾಳೆಯಿಂದ ಬೀದಿಯ ಚಪ್ಪಲಿ ಷೆಡ್ಡಿನ ಒಳಕ್ಕೆ ಬರಕೂಡದು ಎಂದು ನಾನೇ ಕಟ್ಟಪ್ಪಣೆ ಮಾಡುವುದೆಂದು ಅಲ್ಲೇ ತೀರ್ಮಾನಿಸಿದೆ.

ಚಂದಾಪುರದ ಅಂಗಡಿಯಿಂದ ದಪ್ಪ ಅಟ್ಟೆಯ ರಬ್ಬರ್ ಚಪ್ಪಲಿಗಳನ್ನು ತಂದೆ. ಹುಡುಗರು ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯಲ್ಲಿ ಹೊಸ್ತಿಲ ಒಳಗೆ ಒಂದು ಗೂಡು ಮಾಡಿದರು. ಹೊಸ ಚಪ್ಪಲಿಗಳನ್ನು ಅದರಲ್ಲಿ ಜೋಡಿಸಿ, ನನ್ನ ಕಣ್ಣು ತಪ್ಪಿಸಿ ಗೂಡಿಗೆ ಕುಂಕುಮವನ್ನೂ ಇಟ್ಟರು. "ಒಣ ಕುಂಕುಮ ಮೇಡಂ, ನೀರು ಹಾಕಿಲ್ಲ," ಎಂದು ಯಾರಂಡಹಳ್ಳಿ ಮೊದಲೇ ಶರಣಾದ. ಅಂದಿನಿಂದ ಚಪ್ಪಲಿಯ ಬಗ್ಗೆ ನಾನು ಗಂಟಲು ಹರಿದುಕೊಳ್ಳಲಿಲ್ಲ. ಒಬ್ಬರು ಮರೆತರೆ ಇನ್ನೊಬ್ಬರೇ ಗದರುತ್ತಿದ್ದರು.

ಇನ್ನು ಫ್ಯೂಸು. ಮ್ಯಾನೇಜರನ್ನು ಷೆಡ್ಡಿಗೆ ಕರೆತಂದು ಮೆಗ್ಗರ್ ಇಟ್ಟೆ. ಅದು ಕೈಹಿಡಿ ತಿರುಗಿಸುವ ಸಣ್ಣ ಪೆಟ್ಟಿಗೆ; ಕರೆಂಟು ಹಾಯಲು ಎಷ್ಟು ದಾರಿಯಿದೆ ಎಂದು ಅದರ ಮುಳ್ಳು ತೋರಿಸುತ್ತದೆ. ಒಂದು ತಂತಿಯನ್ನು ಅರ್ಥಿಗೆ, ಇನ್ನೊಂದನ್ನು ಒಂದು ಕಬ್ಬಿಣದ ತಗಡಿಗೆ ಕಟ್ಟಿದೆ. ತಗಡನ್ನು ಒದ್ದೆ ಮಾಡಿದ ನೆಲದ ಮೇಲಿಟ್ಟು, ಅದರ ಮೇಲೆ ಭಾರ ಹೇರಿ, ಕೈಹಿಡಿ ತಿರುಗಿಸಿದೆ. ಮುಳ್ಳು ಸೊನ್ನೆಗೆ ಬಿತ್ತು, ಅಂದರೆ ದಾರಿ ಪೂರ್ತಿ ತೆರೆದಿದೆ. ನೆಲ ಒರೆಸಿ, ತಗಡಿನ ಕೆಳಗೆ ಒಳಗಿನ ಚಪ್ಪಲಿಯೊಂದನ್ನು ಇಟ್ಟು ತಿರುಗಿಸಿದೆ. ಮುಳ್ಳು ಆ ಕಡೆಯ ಕೊನೆಗೆ ಹೋಗಿ ನಿಂತಿತು, ಅಂದರೆ ದಾರಿಯೇ ಇಲ್ಲ. ಮ್ಯಾನೇಜರು ತಾವೇ ಕೂತು ಮತ್ತೆ ಮತ್ತೆ ತಿರುಗಿಸಿ ನೋಡಿದರು.

"ಇನ್ಮೇಲೆ ಅರ್ಥ್ ಪಟ್ಟಿ ಯಾರಾದ್ರೂ ಬಿಚ್ಚಿದ್ರೆ?"

"ದಿನಾ ಬೆಳಗ್ಗೆ ಮೊದಲು ಅದನ್ನ ನೋಡಿ, ಬೋಲ್ಟು ಬಿಗಿ ಇದೆ ಅಂತ ಕೂಗಿ ಹೇಳಿದ ಮೇಲೇ ಮೇನ್ ಹಾಕೋದು ಸಾರ್."

"ಒಂದು ಬರಿಗಾಲು ಕಂಡ್ರೂ ಷೆಡ್ಡಿಗೆ ಬೀಗ, ಗೊತ್ತಾಯ್ತಾ?" ಎಂದು ಫ್ಯೂಸುಗಳನ್ನು ನನ್ನ ಕೈಗೆ ಹಾಕಿದರು.

ಮತ್ತೆ ಹೆನ್ನಾಗರಕ್ಕೆ ಹೋಗಿ ಅಜ್ಜಿಗೆ ಒಳಗಿನ ಚಪ್ಪಲಿಯ ವಿಷಯ ಹೇಳಿದೆ. ಅವರು ಜಗಿಯುತ್ತಿದ್ದ ಎಲೆಯನ್ನು ಜಗುಲಿಯಾಚೆ ಉಗಿದರು. "ಪರೀಕ್ಸೆ ಕೊಡ್ಲಿ. ಅವತ್ತು ನಾನೇ ಬಂದು ನೋಡ್ತೀನಿ. ಕೆಲ್ಸುಕ್ಕೆ ಕಳ್ಸದು ಬುಡದು ಅಲ್ಲೇ ಏಳ್ತೀನಿ," ಅಂದರು. ಅಷ್ಟೇ ಸಿಕ್ಕಿತು. ನಾನು ಅದನ್ನೇ ಕಣ್ಣಿಗೊತ್ತಿಕೊಂಡು ಬಂದೆ.

ಹುಡುಗಿ ಬಂದಳು, ಆದರೆ ಬಂದವಳು ಹಳೆಯ ಹೆನ್ನಾಗರ ಅಲ್ಲ. ಮೇನ್ ಆಫ್ ಇದ್ದರೆ ಎಂಥ ದೋಷವನ್ನಾದರೂ ಹುಡುಕುತ್ತಿದ್ದಳು. ಮೇನ್ ಹಾಕಿ ಸ್ಟಾರ್ಟರಿನ ಹಸಿರು ಗುಂಡಿ ಒತ್ತಬೇಕಾದ ಗಳಿಗೆ ಬಂದರೆ ಕೈ ಅರ್ಧಕ್ಕೇ ನಿಂತುಬಿಡುತ್ತಿತ್ತು. "ನೀನು ಒತ್ತೋ," ಎಂದು ಯಾರಂಡಹಳ್ಳಿಗೆ ಹೇಳುವಳು. ಅವನು ಪಾಪ, ಒತ್ತುವನು. ಪರೀಕ್ಷೆಯಲ್ಲಿ ಅವಳ ಪರವಾಗಿ ಯಾರು ಒತ್ತುತ್ತಾರೆ? ರಾತ್ರಿ ಊಟ ಮಾಡುವಾಗಲೂ ನನಗೆ ಅದೇ ಯೋಚನೆ.

ಬೈಯುವುದು ಇಲ್ಲಿ ನಡೆಯುವುದಿಲ್ಲ ಎಂದು ನನ್ನಂಥವಳಿಗೂ ಗೊತ್ತಾಯಿತು. ಅವಳೊಬ್ಬಳಿಗೆ ಪಾಠವನ್ನು ಮೊದಲಿನಿಂದ ಶುರು ಮಾಡಿದೆ. ಟಾರ್ಚಿನ ಸೆಲ್ಲಿಗೆ ಸಣ್ಣ ಬಲ್ಬು ಕಟ್ಟಿ ಸ್ವಿಚ್ಚು ಹಾಕಿಸಿದೆ. ಅದು ಸಲೀಸಾದ ಮೇಲೆ ಕಾಲಿಂಗ್ ಬೆಲ್ಲಿನ ಟ್ರಾನ್ಸ್‌ಫಾರ್ಮರು. ಅದರಿಂದ ಬರುವ ಕರೆಂಟು ಬರಿಗೈಲಿ ಮುಟ್ಟಿದರೂ ಏನೂ ಮಾಡದು. ಆಮೇಲೆ ಮನೆಯ ಕರೆಂಟಿನ ಒಂದು ಬಲ್ಬು. ಪ್ರತಿ ಸಲವೂ ಅವಳೇ ಅರ್ಥ್ ಬೋಲ್ಟು ತಿರುಗಿಸಿ ನೋಡಬೇಕು, ಟೆಸ್ಟರು ಕೆಲಸ ಮಾಡುತ್ತಿದೆಯೇ ಎಂದು ಮೊದಲು ಬೇರೆ ಕಡೆ ನೋಡಿ ಖಾತ್ರಿ ಮಾಡಿಕೊಳ್ಳಬೇಕು, ಪೆಟ್ಟಿಗೆಗೆ ಟೆಸ್ಟರು ಇಟ್ಟು ಉರಿಯುವುದಿಲ್ಲವೆಂದು ಕಂಡುಕೊಳ್ಳಬೇಕು. ನಾನು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಿದ್ದೆ. ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟದ ಕೆಲಸ ಎಂದು ಆ ದಿನಗಳಲ್ಲಿ ಕಲಿತೆ. ಬಲ್ಬಿನವರೆಗೆ ಬಂದಳು. ಸ್ಟಾರ್ಟರಿನ ಮುಂದೆ ಮಾತ್ರ ಕೈ ಏಳಲಿಲ್ಲ. ಅಷ್ಟರಲ್ಲಿ ಪರೀಕ್ಷೆಯ ದಿನ ಬಂದುಬಿಟ್ಟಿತು.

ಪರೀಕ್ಷಕರು ಬಿಳಿ ಷರಟಿನ ಗಂಭೀರ ಮನುಷ್ಯ. ಗೂಡಿನ ವಿಷಯ ಕೇಳಿ ಒಂದು ಕ್ಷಣ ಹುಬ್ಬೇರಿಸಿದರು, ಬೂಟು ಬಿಚ್ಚಿ ಒಳಗಿನ ಚಪ್ಪಲಿ ಮೆಟ್ಟಿದರು, ಜೊತೆಗೆ ಬಂದ ಮ್ಯಾನೇಜರೂ ಮೆಟ್ಟಿದರು. ಅಜ್ಜಿ ಹೇಳಿದಂತೆಯೇ ಬಂದು, ಬಾಗಿಲಾಚೆ, ಹೊಸ್ತಿಲ ಪಕ್ಕದಲ್ಲಿ ಕಾಲು ಮಡಚಿ ಕೂತರು. ಒಬ್ಬೊಬ್ಬರದೇ ಆಗುತ್ತ ಹೋಯಿತು. ಹೆನ್ನಾಗರದ ಸರದಿ ಬಂದಾಗ ಪರೀಕ್ಷಕರು ಎಲ್ಲರನ್ನೂ ಹಿಂದೆ ತಿರುಗಿಸಿ ನಿಲ್ಲಿಸಿ ಸ್ಟಾರ್ಟರಿನ ಒಳಗೆ ಏನೋ ಕಳಚಿ ಮುಚ್ಚಳ ಹಾಕಿದರು.

"ಏನು ಕೆಟ್ಟಿದೆ ಹೇಳು, ಸರಿ ಮಾಡು."

ಅವಳು ಮೊದಲು ಅರ್ಥ್ ಬೋಲ್ಟಿಗೆ ಸ್ಪ್ಯಾನರು ಹಾಕಿದಳು. "ಬಿಗಿ ಐತೆ ಸಾರ್," ಎಂದು ಜೋರಾಗಿ ಹೇಳಿದಳು. ಮೇನ್ ಹಾಕಿದಳು. ಟೆಸ್ಟರು ನೋಡಿದಳು, ಪೆಟ್ಟಿಗೆಗೆ ಇಟ್ಟು ನೋಡಿದಳು. ಇನ್ನು ಗುಂಡಿ ಒತ್ತಲೇಬೇಕು. ಒತ್ತದೆ ಮೋಟರಿಗೆ ಏನಾಗಿದೆ ಎಂದು ತಿಳಿಯುವುದು ಸಾಧ್ಯವಿಲ್ಲ. ಬಲಗೈ ಎತ್ತಿದಳು. ಅದು ಅರ್ಧಕ್ಕೆ ನಿಂತಿತು.

ಪರೀಕ್ಷಕರು ಗಡಿಯಾರ ನೋಡಿದರು. ಮ್ಯಾನೇಜರು ನನ್ನನ್ನು ನೋಡಿದರು. ಪಕ್ಕದಲ್ಲಿದ್ದ ಯಾರಂಡಹಳ್ಳಿ ಅವಳಿಗಿಂತ ಹೆಚ್ಚು ಬೆವರುತ್ತಿದ್ದ. ಒತ್ತೇ ತಾಯಿ, ಒತ್ತು ಎಂದು ಮನಸ್ಸಿನಲ್ಲೇ ಕೂಗಿಕೊಂಡೆ. ಅವಳ ಎಡಗೈ ಬೆನ್ನ ಹಿಂದೆ ಸೆರಗಿನ ತುದಿಯನ್ನು ಹಿಡಿದಿತ್ತು. ಆ ಮುಷ್ಟಿ ಬಿಗಿಯಾಗುವುದನ್ನು ನೋಡಿದೆ.

ಒತ್ತಿದಳು.

ಮೋಟರು ಗುಂಯ್ ಎಂದಿತು. ಬೆರಳು ತೆಗೆದಳು, ನಿಂತಿತು. ಮತ್ತೆ ಒತ್ತಿದಳು, ತಿರುಗಿತು. ತೆಗೆದಳು, ನಿಂತಿತು. ಅವಳ ಮುಖದ ಮೇಲೆ, ಆಯುಧಪೂಜೆಯ ನಂತರ ಮೊದಲನೇ ಸಲ, ಹಳೆಯ ಹೆನ್ನಾಗರ ಕಂಡಳು. "ಹಿಡ್ಕೊಳ್ಳೋ ಕಾಂಟ್ಯಾಕ್ಟು ಸಾರ್. ಬೆರಳು ತೆಗೆದ ಮೇಲೂ ಓಡ್ಸೋದು ಅದು. ಅದ್ರ ವೈರು ಬಿಟ್ಟದೆ." ಮೇನ್ ಆಫ್ ಮಾಡಿ, ಫ್ಯೂಸು ಕಿತ್ತು, ಇನ್ಯಾರೂ ಹಾಕದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಚ್ಚಳ ಬಿಚ್ಚಿ ತಂತಿ ಸೇರಿಸಿದಳು. ಮತ್ತೆ ಎಲ್ಲವನ್ನೂ ಹಾಕಿ ಗುಂಡಿ ಒತ್ತಿದಾಗ ಕೈ ಎಲ್ಲೂ ನಿಲ್ಲಲಿಲ್ಲ. ಮೋಟರು ಓಡುತ್ತಲೇ ಇತ್ತು. ಪರೀಕ್ಷಕರು ತಲೆಯಾಡಿಸಿ, "ಪಾಸು," ಎಂದರು.

ಮ್ಯಾನೇಜರು ಕೈ ಚಾಚಿ ಕೆಂಪು ಗುಂಡಿ ಒತ್ತಿ ಮೋಟರು ನಿಲ್ಲಿಸಿದರು. "ನಾಳೆಯಿಂದಲೇ ಪ್ಯಾನೆಲ್ ವಿಭಾಗಕ್ಕೆ ಬರಬಹುದು," ಎಂದರು. ಹುಡುಗಿ ಅವರ ಕಡೆ ನೋಡಲಿಲ್ಲ, ಬಾಗಿಲ ಕಡೆ ನೋಡಿದಳು. ನಾವೆಲ್ಲ ಆ ಕಡೆಯೇ ತಿರುಗಿದೆವು. ಅಜ್ಜಿ ಹೊಸ್ತಿಲಿಗೆ ಕೈಯೂರಿ ಎದ್ದರು.

"ಕಾಲು ತೊಳ್ಕಬೇಕೇನೇ?"

"ಬ್ಯಾಡಜ್ಜಿ, ಒದ್ದೆ ಕಾಲು ಆಗಾಕಿಲ್ಲ," ಎಂದವಳೇ ಓಡಿಹೋಗಿ, ಕುಕ್ಕರಗಾಲಲ್ಲಿ ಕೂತು, ಸೆರಗಿನಿಂದ ಅಜ್ಜಿಯ ಪಾದಗಳನ್ನು ಒರೆಸಿದಳು. ಗೂಡಿನಿಂದ ದೊಡ್ಡ ಜೊತೆಯೊಂದನ್ನು ಆರಿಸಿ ತಂದು ಮುಂದಿಟ್ಟಳು. ಆ ಅಗಲದ ಹೆಬ್ಬೆರಳು ಪಟ್ಟಿಯೊಳಗೆ ಹೋಗಲು ಒಪ್ಪಲಿಲ್ಲ. ಮೊಮ್ಮಗಳು ಬೆರಳು ಬೇರ್ಪಡಿಸಿ ತೂರಿಸಿದಳು. ಅಜ್ಜಿ ಅವಳ ಹೆಗಲು ಹಿಡಿದು, ಆಗತಾನೇ ನಡೆಯಲು ಕಲಿತವರ ಹಾಗೆ ಕಾಲೆತ್ತಿ ಕಾಲೆತ್ತಿ ಇಡುತ್ತ, ಚಪ್ಪಲಿ ಚಟಪಟ ಎನ್ನಿಸುತ್ತ ಸ್ಟಾರ್ಟರಿನವರೆಗೆ ಬಂದರು. ನನಗೆ ಕಣ್ಣು ಮಂಜಾಯಿತು. ಯಾರಂಡಹಳ್ಳಿ ನೋಡಿದರೆ ನೋಡಲಿ ಎಂದು ಒರೆಸಿಕೊಳ್ಳಲೂ ಹೋಗಲಿಲ್ಲ.

"ಯಾವುದು ಒತ್ತದು?"

"ಅಸ್ರುದು ಅಜ್ಜಿ. ಎಡಗೈ ಇಂದಕ್ಕೆ ಇಟ್ಕ."

ಅಜ್ಜಿ ಸೀರೆಯ ಸೆರಗನ್ನು ಬೆನ್ನ ಹಿಂದೆ ಹಿಡಿದುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಗುಂಡಿ ಒತ್ತಿದರು. ಮೋಟರು ಹೊರಟಿತು. ಒಂದು ಕಣ್ಣು ತೆರೆದು ನೋಡಿದರು, ಆಮೇಲೆ ಇನ್ನೊಂದನ್ನು. ಮ್ಯಾನೇಜರ ಕಡೆ ತಿರುಗಿ, ಮೋಟರಿನ ಸದ್ದನ್ನೂ ಮೀರಿಸುವ ಗಂಟಲಲ್ಲಿ ಕೇಳಿದರು:

"ನಾಳಿಕೆ ಇವ್ಳು ಎಷ್ಟೊತ್ತಿಗೆ ಬರ್ಬೇಕು ಸ್ವಾಮಿ?"